ತುಕ್ಕು ಹಿಡಿದ ಫಿಯಟ್ ಸಸ್ಪೆನ್ಷನ್: ಬೋಲ್ಟ್ ಎಲ್ಲಿ ಹಿಡಿದಿದೆ ಅಂತ ಮೊದಲು ಪತ್ತೆ ಮಾಡಿ

ಕುಂದಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ 1986ರ ಪ್ರೀಮಿಯರ್ ಪದ್ಮಿನಿಯೊಂದು ಒಂಬತ್ತು ಮಳೆಗಾಲ ನಿಂತಲ್ಲೇ ನಿಂತಿತ್ತು. ದೊಡ್ಡಪ್ಪನ ಕಾರು. ಆರ್‌ಸಿ ಪುಸ್ತಕದಲ್ಲಿ ಪದ್ಮಿನಿ ಅಂತಿದ್ದರೂ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಫಿಯಟ್ಟೇ. ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯಟ್ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರು ಬಂತು. ಹೆಸರು ಬದಲಾದರೂ ಕೆಳಗಿನ ಕಟ್ಟು ಹೆಚ್ಚೂಕಡಿಮೆ ಅದೇ ಉಳಿಯಿತು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಲೀಫ್ ಸ್ಪ್ರಿಂಗ್.

ಎಂಜಿನ್ ಹದಿನೈದು ದಿನದಲ್ಲಿ ಸ್ಟಾರ್ಟ್ ಆಯಿತು. ಸಸ್ಪೆನ್ಷನ್ನಿಗೆ ಮಾತ್ರ ನಾಲ್ಕು ತಿಂಗಳು ಬೇಕಾಯಿತು. ಅದರಲ್ಲಿ ಮೊದಲ ಆರು ವಾರ ನಾನು ತಪ್ಪು ರೋಗಕ್ಕೆ ಮದ್ದು ಕೊಡುತ್ತಿದ್ದೆ. ಹಾಗಾಗಿ ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಪತ್ತೆ ಹಚ್ಚುವುದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಅಂಬಾಸಿಡರ್, ಹಳೇ ಜೀಪ್, ಹಿಂದೆ ಪ್ಲೇಟ್ ಇರುವ ಬೇರೆ ಯಾವುದೇ ಗಾಡಿ ನಿಮ್ಮ ಹತ್ತಿರ ಇದ್ದರೂ ಹಿಂಭಾಗದ ಬಗ್ಗೆ ಹೇಳಿದ ಬಹುಪಾಲು ಅಲ್ಲಿಗೂ ಹೊಂದುತ್ತದೆ.

ಶೆಡ್ಡಿನಿಂದ ಹೊರಗೆ ತಳ್ಳಿದ ದಿನವೇ ಮೂರು ತೊಂದರೆ ಕಂಡವು. ಹಿಂದಿನ ಎಡಭಾಗ ತಗ್ಗಿತ್ತು. ಗೇಟಿನ ಹತ್ತಿರದ ದಿಣ್ಣೆ ದಾಟುವಾಗ ಹಿಂದಿನಿಂದ ಕಿರ್ರ್ ಅಂತ ಶಬ್ದ ಬರುತ್ತಿತ್ತು. ಚಕ್ರ ಗುಂಡಿಗೆ ಇಳಿದರೆ ಸೀಟಿನ ಕೆಳಗೆ ದಡ್ ಅಂತ ಪೆಟ್ಟು. ನಾನು ಸೀದಾ ಪಾನ (ಸ್ಪ್ಯಾನರ್) ಹಿಡಿದು ಕೆಳಗೆ ಹೋದೆ. ಬೋಲ್ಟ್ ಅಲುಗಾಡದಿದ್ದಾಗ ಸುತ್ತಿಗೆ ತೆಗೆದುಕೊಂಡೆ. ಊರಿನ ಹಳೇ ಮೇಸ್ತ್ರಿಯೊಬ್ಬರು ಬೇಲಿಯ ಆಚೆಯಿಂದ ಅದನ್ನು ಕೇಳಿಸಿಕೊಂಡು ಒಳಗೆ ಬಂದರು. "ಹೊಡಿಬೇಡಿ ಮಾರಾಯ್ರೆ, ಮೊದಲು ಅದ್ ಎಲ್ ಹಿಡ್ದಿತ್ ಕಾಣಿ" ಅಂದರು. ಅವತ್ತು ಆ ಮಾತಿನ ತೂಕ ನನಗೆ ತಿಳಿಯಲಿಲ್ಲ.

ಕಾರಿನ ಕೆಳಗೆ ಹೋಗುವ ಮುಂಚೆ

ನಮ್ಮ ಕರಾವಳಿಯಲ್ಲಿ ಎಲ್ಲ ಮನೆಯ ಅಂಗಳದಲ್ಲೂ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತವೆ. ಜಾಕ್ ಕೊಟ್ಟು ಕಾರೆತ್ತಿ ಅದರ ಕೆಳಗೆ ಕೆಂಪುಕಲ್ಲು ಇಡುವುದು ಬಹಳ ಜನರ ರೂಢಿ. ದಯವಿಟ್ಟು ಬೇಡ. ಕೆಂಪುಕಲ್ಲು ಗೋಡೆಯಲ್ಲಿ ಹರಡಿದ ಭಾರ ಹೊರುತ್ತದೆ. ಕಬ್ಬಿಣದ ಚೂಪು ಅಂಚು ಒಂದೇ ಕಡೆ ಒತ್ತಿದರೆ ಪುಡಿಯಾಗುತ್ತದೆ, ಅದೂ ಯಾವ ಸೂಚನೆಯೂ ಇಲ್ಲದೆ. ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕೂ ಅಷ್ಟೇ ಅಪಾಯ. ಎರಡು ಜಾಕ್ ಸ್ಟ್ಯಾಂಡ್ ಕೊಳ್ಳಿ. ಮಣ್ಣಿನ ನೆಲ ಆದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಬಿಚ್ಚಿದ ಚಕ್ರವನ್ನು ಪಕ್ಕದಲ್ಲೇ ಬಾಡಿಯ ಕೆಳಗೆ ಮಲಗಿಸಿಡಿ. ತುಕ್ಕು ಹಿಡಿದ ಬೋಲ್ಟನ್ನು ಎಳೆಯುವಾಗ ಇಡೀ ಕಾರು ಅಲುಗಾಡುತ್ತದೆ, ಎಣ್ಣೆ ಬದಲಿಸುವ ಕೆಲಸದ ಹಾಗಲ್ಲ ಇದು.

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮೇಲೆ ನೋಡಿಕೊಂಡು ತುಕ್ಕು ಕೆರೆಯುವಾಗ ಅದರ ಚೂರು ಸೀದಾ ಕಣ್ಣಿಗೇ ಬೀಳುತ್ತದೆ.

ಮೊದಲು ಅಳತೆ, ಆಮೇಲೆ ಪಾನ

ಕಾರು ತಗ್ಗಿದ್ದು ಕಣ್ಣಿಗೆ ಕಂಡರೆ ಸಾಲದು, ಟೇಪ್ ಹಿಡಿದು ಅಳೆಯಬೇಕು. ಮಟ್ಟವಾದ ನೆಲದ ಮೇಲೆ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದದ್ದೂ ಲೆಕ್ಕಕ್ಕೆ ಬಂದುಬಿಡುತ್ತದೆ. ನಡುಬಿಂದುವಿನಿಂದ ಅಳೆದರೆ ಸಸ್ಪೆನ್ಷನ್ನಿನ ಲೆಕ್ಕ ಮಾತ್ರ ಸಿಗುತ್ತದೆ. ನನ್ನ ಕಾರಿನಲ್ಲಿ ಹಿಂದಿನ ಎಡಕ್ಕೂ ಬಲಕ್ಕೂ 34 ಮಿ.ಮೀ. ವ್ಯತ್ಯಾಸ ಇತ್ತು. ಮುಂದೆಯೂ 11 ಮಿ.ಮೀ. ವ್ಯತ್ಯಾಸ.

ಹಾಗಾದರೆ ರೋಗ ಹಿಂದೆಯೋ ಮುಂದೆಯೋ? ಒಂದು ಮೂಲೆ ಕುಸಿದರೆ ಅದರ ಎದುರು ಮೂಲೆಯ ಅಳತೆಯೂ ಬದಲಾಗುತ್ತದೆ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಮುಂದಿನ ಅಡ್ಡ ತೊಲೆಯ ಸರಿಯಾಗಿ ಮಧ್ಯಕ್ಕೆ ಜಾಕ್ ಕೊಟ್ಟು ಮುಂದಿನ ಚಕ್ರಗಳು ನೆಲ ಬಿಡುವಷ್ಟು ಎತ್ತಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಕಲ್ಲು ಇಟ್ಟಿರಬೇಕು. ಮುಂದೆ ಒಂದೇ ಬಿಂದುವಿನ ಮೇಲೆ ಭಾರ ಇರುವಾಗ ಮುಂದಿನ ಸ್ಪ್ರಿಂಗುಗಳಿಗೆ ಕಾರನ್ನು ವಾಲಿಸುವ ಶಕ್ತಿ ಇರುವುದಿಲ್ಲ. ಆಗ ಹಿಂದೆ ಹೋಗಿ ನೋಡಿ. ಹಿಂಭಾಗ ಇನ್ನೂ ವಾಲಿದ್ದರೆ ತಪ್ಪು ಹಿಂದಿನದು. ನೇರವಾಯಿತು ಅಂದರೆ ಮುಂದಿನದು. ಈ ಪರೀಕ್ಷೆ ನೋಡುವುದಕ್ಕೆ ಮಾತ್ರ. ಆ ಹೊತ್ತಿನಲ್ಲಿ ಯಾರೂ ಕೆಳಗೆ ನುಗ್ಗಬಾರದು. ನನ್ನ ಕಾರಿನಲ್ಲಿ ಹಿಂಭಾಗ ವಾಲಿಕೊಂಡೇ ಇತ್ತು.

ಇನ್ನೊಂದು ಅಳತೆ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಬದಿಯಲ್ಲೊಮ್ಮೆ, ಬಲಬದಿಯಲ್ಲೊಮ್ಮೆ ಅಳೆಯಿರಿ. ಎರಡೂ ಒಂದೇ ಇರಬೇಕು. ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ತುಕ್ಕಿಗೆ ತುಂಡಾಗಿದ್ದರೆ ಆ ಕಡೆ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ಅಂಥ ಕಾರು ರಸ್ತೆಯಲ್ಲಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಅದು ಸರಿಹೋಗುವುದಿಲ್ಲ.

ಅದುಮಿ ನೋಡುವ ಪರೀಕ್ಷೆ ಮೋಸ ಮಾಡುತ್ತದೆ

ಮೂಲೆಯನ್ನು ಕೈಯಿಂದ ಜೋರಾಗಿ ಅದುಮಿ ಬಿಟ್ಟರೆ ಕಾರು ಒಮ್ಮೆ ಮೇಲೆದ್ದು ನಿಲ್ಲಬೇಕು, ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ. ಕಾಯಿಲ್ ಸ್ಪ್ರಿಂಗಿಗೆ ಅದು ಸರಿ. ತುಕ್ಕು ಹಿಡಿದ ಪ್ಲೇಟಿಗೆ ಸರಿಯಲ್ಲ.

ಪ್ಲೇಟುಗಳು ಒಂದರ ಮೇಲೊಂದು ಜಾರುತ್ತಾ ಬಾಗಬೇಕು. ನಡುವೆ ತುಕ್ಕು ತುಂಬಿಕೊಂಡರೆ ಆ ಜಾರುವಿಕೆ ನಿಲ್ಲುತ್ತದೆ. ಆಗ ಶಾಕ್ ಅಬ್ಸಾರ್ಬರ್ ಪೂರ್ತಿ ಸತ್ತಿದ್ದರೂ ಕಾರು ಕುಣಿಯುವುದಿಲ್ಲ. ನನ್ನ ಎಡಭಾಗ ಒಮ್ಮೆ ತಗ್ಗಿ ಅಲ್ಲೇ ನಿಂತುಬಿಡುತ್ತಿತ್ತು. ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಅಂತ ನಾನು ನಂಬಿದೆ. ಬಿಚ್ಚಿ ಕೈಯಲ್ಲಿ ಎಳೆದಾಗ ಸೈಕಲ್ ಪಂಪಿನಷ್ಟೂ ಬಿಗಿ ಇರಲಿಲ್ಲ. ಆದ್ದರಿಂದ ಅದುಮಿದಾಗ ಕಾರು ಕಲ್ಲಿನ ಹಾಗೆ ಗಟ್ಟಿ ಇದ್ದರೆ ಅದನ್ನು ಆರೋಗ್ಯ ಅಂತ ತಿಳಿಯಬೇಡಿ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಬರೀ ಪ್ಲೇಟಿನ ಮೇಲೆ ಇನ್ನೊಮ್ಮೆ ಅದುಮಿ ನೋಡಿ. ಒಳ್ಳೆಯ ಪ್ಲೇಟ್ ಆಗ ಸಲೀಸಾಗಿ ಕುಣಿಯಬೇಕು.

ಕಿರ್ರ್ ಶಬ್ದಕ್ಕೆ ನೀರು ಸಾಕು. ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಕುಲುಕಲಿ. ಇನ್ನೊಬ್ಬರು ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಒಂದೊಂದೇ ಜಾಗಕ್ಕೆ ನೀರು ಹಾಯಿಸಲಿ. ಮೊದಲು ಪ್ಲೇಟುಗಳ ನಡುವೆ, ಆಮೇಲೆ ಪ್ಲೇಟಿನ ಮುಂದಿನ ತುದಿಯ ಉಂಗುರದಂಥ ಕಣ್ಣಿನಲ್ಲಿರುವ ರಬ್ಬರ್ ಬುಷ್, ಆಮೇಲೆ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ತೂಗುಪಟ್ಟಿ, ಅಂದರೆ ಶ್ಯಾಕಲ್. ಎಲ್ಲಿ ನೀರು ಬಿದ್ದಾಗ ಶಬ್ದ ಸುಮ್ಮನಾಯಿತೋ ಅದೇ ಜಾಗ. ಎಣ್ಣೆ ಹಾಕಬೇಡಿ. ಎಣ್ಣೆ ಹರಿದು ಎಲ್ಲ ಕಡೆ ಹೋಗುತ್ತದೆ, ಶಬ್ದ ವಾರಗಟ್ಟಲೆ ನಿಂತುಹೋಗುತ್ತದೆ, ಜಾಗ ಮಾತ್ರ ಗೊತ್ತಾಗುವುದಿಲ್ಲ. ಎಣ್ಣೆ ರಬ್ಬರ್ ಬುಷ್ಷಿಗೂ ಒಳ್ಳೆಯದಲ್ಲ.

ಎಲ್ಲಕ್ಕಿಂತ ಮುಖ್ಯ: ಬಾಡಿಯ ಕೊಂಡಿ

ಪ್ಲೇಟ್ ಸಿಗುತ್ತದೆ, ಬುಷ್ ಸಿಗುತ್ತದೆ, ಬೋಲ್ಟ್ ಸಿಗುತ್ತದೆ. ಪ್ಲೇಟನ್ನು ಬಾಡಿಗೆ ಹಿಡಿದಿಡುವ ಕೊಂಡಿ, ಅಂದರೆ ಬೋಲ್ಟ್ ಹಾಯುವ ಎರಡು ಕಿವಿಗಳು, ಮತ್ತು ಅವು ಕೂತಿರುವ ಪೆಟ್ಟಿಗೆಯಂಥ ತೊಲೆ ಅಂಗಡಿಯಲ್ಲಿ ಸಿಗುವುದಿಲ್ಲ. ಕಾರು ಉಳಿಯುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನ ಆಗುವುದು.

ಸಮುದ್ರದ ಹತ್ತಿರ ಇದು ಯಾಕೆ ಇಷ್ಟು ಬೇಗ ಹಾಳಾಗುತ್ತದೆ ಅಂದರೆ, ಗಾಳಿಯಲ್ಲಿ ಬರುವ ಉಪ್ಪು ತೇವವನ್ನು ಎಳೆದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಆ ಮೂಲೆ ಒಣಗುವುದಿಲ್ಲ. ಅದರ ಮೇಲೆ ಚಕ್ರ ಎರಚಿದ ಕೆಸರು ಗಟ್ಟಿಯಾಗಿ ಕೂತಿರುತ್ತದೆ, ಒಳಗೆ ಸದಾ ಒದ್ದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎರಡು ತಗಡು ಸೇರುವಲ್ಲಿ ಹುಟ್ಟಿದರೆ ತಗಡುಗಳನ್ನೇ ಅಗಲಿಸಿ ಉಬ್ಬಿಸುತ್ತದೆ. ಪ್ಲೇಟುಗಳ ನಡುವೆ ಹುಟ್ಟಿದರೂ ಅದೇ ಕತೆ.

ಕೆಸರು ಕೆರೆದು ತೆಗೆಯಿರಿ. ಚಿಕ್ಕ ಸುತ್ತಿಗೆಯಿಂದ ಕೊಂಡಿಯ ಸುತ್ತ ಬೆರಳಗಲಕ್ಕೆ ಒಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಸತ್ತ ಕಬ್ಬಿಣ ದಬ್ ಅನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ. ಅನುಮಾನ ಬಂದ ಕಡೆ ಹಳೇ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಒಳಗೆ ಹೋದರೆ ಹೋಗಲಿ, ಬೇಸರ ಬೇಡ. ಆ ತೂತು ನೀವು ಮಾಡಿದ್ದಲ್ಲ, ಮೊದಲೇ ಇತ್ತು. ಕೊನೆಗೆ ಅಯಸ್ಕಾಂತ ಇಟ್ಟು ನೋಡಿ. ನನ್ನ ಕಾರಿನ ಎಡಗಡೆಯ ಕೊಂಡಿಯ ಮೇಲೆ ಕಪ್ಪು ಅಂಡರ್‌ಕೋಟ್ ನುಣ್ಣಗೆ ಹೊಳೆಯುತ್ತಿತ್ತು. ಅಯಸ್ಕಾಂತ ಅಂಗೈ ಅಗಲದ ಜಾಗದಲ್ಲಿ ಹಿಡಿಯಲೇ ಇಲ್ಲ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ತೂತಿಗೆ ಪುಟ್ಟಿ ತುಂಬಿ ಮೇಲೆ ಕಪ್ಪು ಬಳಿದಿದ್ದರು. ಆ ಕಾರಿನಲ್ಲಿ ದೊಡ್ಡಪ್ಪ ಮನೆಯವರನ್ನೆಲ್ಲ ಕೂರಿಸಿಕೊಂಡು ಕೊಲ್ಲೂರಿಗೆ ಹೋಗಿ ಬರುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಭಾರ ಹೊರುವ ಜಾಗಕ್ಕೆ ಪುಟ್ಟಿ ತುಂಬುವುದು ಅಂದರೆ ಜೀವದ ಜತೆ ಆಡಿದಂತೆ.

ದಡ್ ಅನ್ನುವ ಪೆಟ್ಟಿಗೆ ಕಾರಣ ಅಲ್ಲೇ ಸಿಕ್ಕಿತು. ಕೊಂಡಿ ತೊಲೆಯಿಂದ ಅರ್ಧ ಬಿಟ್ಟುಕೊಂಡು ಮೇಲೆ ಕೆಳಗೆ ಆಡುತ್ತಿತ್ತು. 34 ಮಿ.ಮೀ. ವ್ಯತ್ಯಾಸದಲ್ಲಿ ಒಂದು ಭಾಗ ಇದರದ್ದೇ. ನಿಮಗೂ ಹೀಗೆ ಸಿಕ್ಕರೆ ಸಸ್ಪೆನ್ಷನ್ ಕೆಲಸ ಅಲ್ಲಿಗೇ ನಿಲ್ಲಿಸಿ. ಮೊದಲು ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಹೊಸ ದಪ್ಪ ತಗಡು ಹಾಕಿ ಪೂರ್ತಿ ವೆಲ್ಡಿಂಗ್ ಆಗಬೇಕು. ಮನೆಯಲ್ಲಿ ವೆಲ್ಡಿಂಗ್ ಕಲಿಯುವ ಜಾಗ ಇದಲ್ಲ, ಕೈ ಪಳಗಿದ ಟಿಂಕರ್ ಹತ್ತಿರ ಮಾಡಿಸಿ. ಕತ್ತರಿಸುವ ಮುಂಚೆ ಎರಡೂ ಬದಿಯ ಬೋಲ್ಟ್ ತೂತುಗಳ ಅಂತರವನ್ನು ಅಳೆದು ಬರೆದುಕೊಳ್ಳಿ. ಹೊಸ ಕೊಂಡಿ ಅರ್ಧ ಇಂಚು ಅತ್ತಿತ್ತ ಕೂತರೆ ಆಕ್ಸಲ್ ಓರೆ ಆಗಿಬಿಡುತ್ತದೆ. ಬ್ಯಾಟರಿ ಬಿಚ್ಚಿಡಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಬೋಲ್ಟ್ ಎಲ್ಲಿ ಹಿಡಿದಿದೆ?

ಈಗ ಮೇಸ್ತ್ರಿ ಹೇಳಿದ ಮಾತಿಗೆ ಬರೋಣ. ಬೋಲ್ಟ್ ಜಾಮ್ ಆಗಿದೆ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದು ಮೂರು ಬೇರೆ ಬೇರೆ ಜಾಗದಲ್ಲಿ ಹಿಡಿದಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಒಂದು, ತ್ರೆಡ್ಡಿನಲ್ಲಿ ಹಿಡಿದಿರುವುದು. ಇದು ಎಲ್ಲರಿಗೂ ಗೊತ್ತಿರುವಂಥದ್ದು. ಬೋಲ್ಟಿನ ತಲೆ ಹಿಡಿದು ನಟ್ ತಿರುಗಿಸಿದರೆ ನಟ್ಟೇ ಕದಲುವುದಿಲ್ಲ, ಅಥವಾ ಚೀಂಯ್ ಅನ್ನುತ್ತಾ ಕಷ್ಟದಲ್ಲಿ ಕದಲುತ್ತದೆ. ಹೊರಗೆ ಕಾಣುವ ತ್ರೆಡ್ಡನ್ನು ವೈರ್ ಬ್ರಷ್‌ನಿಂದ ಬೆಳ್ಳಗಾಗುವ ತನಕ ಉಜ್ಜಿ. ತುಕ್ಕು ಇಳಿಸುವ ಎಣ್ಣೆ ಹಾಕಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಮೂರು ದಿನ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸಿದರೂ ಚೆನ್ನಾಗಿ ಇಳಿಯುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಆ ದಿನ ಬಿಸಿ ಮಾಡುವ ಕೆಲಸ ಇಟ್ಟುಕೊಳ್ಳಬೇಡಿ. ಹನ್ನೆರಡು ಮೂಲೆಯ ರಿಂಗ್ ಪಾನ ಬೇಡ, ತುಕ್ಕು ತಿಂದ ನಟ್ಟಿನ ಮೂಲೆಯನ್ನು ಅದು ಸವರಿಬಿಡುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು. ಮೊದಲು ಬಿಗಿ ಮಾಡುವ ಕಡೆಗೆ ಸ್ವಲ್ಪ ಎಳೆಯಿರಿ, ತುಕ್ಕಿನ ಹಿಡಿತ ಒಡೆಯುತ್ತದೆ. ಆಮೇಲೆ ಸಡಿಲ. ಕಾಲು ಸುತ್ತು ಬಂದರೆ ಅರ್ಧದಷ್ಟು ವಾಪಸ್ ಹೋಗಿ, ಮತ್ತೆ ಮುಂದೆ ಬನ್ನಿ. ಒಂದೇ ಸಮನೆ ಎಳೆದರೆ ಬೋಲ್ಟ್ ತಿರುಚಿ ತುಂಡಾಗುತ್ತದೆ.

ಅದಕ್ಕೂ ಬರದಿದ್ದರೆ ಬಿಸಿ. ನಟ್ಟನ್ನು ಕಾಯಿಸಿ, ಬೋಲ್ಟನ್ನಲ್ಲ. ನಟ್ ಹಿಗ್ಗಬೇಕು. ಸ್ವಲ್ಪ ಆರಿದ ಮೇಲೆ ಮೇಣದ ಬತ್ತಿಯನ್ನು ತ್ರೆಡ್ಡಿಗೆ ತಾಗಿಸಿದರೆ ಕರಗಿದ ಮೇಣ ಒಳಗೆ ಇಳಿಯುತ್ತದೆ. ಪೆಟ್ರೋಲ್ ಪೈಪ್, ಬ್ರೇಕ್ ಹೋಸ್ ಹತ್ತಿರ ಇದ್ದರೆ ಬಿಸಿಯ ಯೋಚನೆಯನ್ನೇ ಬಿಡಿ. ನಟ್ಟಿನ ಒಂದು ಮುಖವನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಕೊಯ್ದು ಉಳಿಯಿಂದ ಸೀಳುವುದು ಸುರಕ್ಷಿತ. ಪ್ಲೇಟನ್ನು ಆಕ್ಸಲ್ಲಿಗೆ ಬಿಗಿದಿರುವ ಯು ಬೋಲ್ಟುಗಳಿಗೆ ನಾನು ಎಣ್ಣೆಯನ್ನೂ ಹಾಕಲಿಲ್ಲ, ಸೀದಾ ಕತ್ತರಿಸಿದೆ. ಒಮ್ಮೆ ಬಿಗಿದು ಎಳೆದುಕೊಂಡ ಹಳೇ ಯು ಬೋಲ್ಟನ್ನು ಮತ್ತೆ ಹಾಕಲೇಬಾರದು.

ಎರಡು, ಬೋಲ್ಟಿನ ಮೈ ಬುಷ್ಷಿನ ಒಳಗೆ ಹಿಡಿದಿರುವುದು. ನನ್ನ ಆರು ವಾರ ಹೋದದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಪ್ಲೇಟಿನ ಮುಂದಿನ ಕಣ್ಣಿನಲ್ಲಿ ರಬ್ಬರ್ ಬುಷ್ ಇರುತ್ತದೆ. ಅದರ ನಡುವೆ ಒಂದು ಕಬ್ಬಿಣದ ಕೊಳವೆ. ಬೋಲ್ಟ್ ಆ ಕೊಳವೆಯೊಳಗಿಂದ ಹಾದುಹೋಗುತ್ತದೆ. ಕೊಳವೆಗೂ ಬೋಲ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು. ವರ್ಷಗಟ್ಟಲೆ ಅಲ್ಲಿ ಉಪ್ಪುನೀರು ಕೂತು ಎರಡೂ ಒಂದೇ ಆಗಿಬಿಡುತ್ತವೆ.

ಪತ್ತೆ ಹೇಗೆ? ನಟ್ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಆದರೆ ಬೋಲ್ಟ್ ಹೊರಗೆ ಬರುವುದಿಲ್ಲ. ತಲೆಗೆ ಪಾನ ಹಾಕಿ ಎಳೆದರೆ ಒಂದಿಷ್ಟು ತಿರುಗುತ್ತದೆ. ಕೈ ಬಿಟ್ಟ ತಕ್ಷಣ ಪಾನ ತಾನಾಗಿ ಹಿಂದಕ್ಕೆ ಬರುತ್ತದೆ. ಆ ವಾಪಸ್ ಬರುವ ಗುಣವೇ ಗುರುತು. ನೀವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ರಬ್ಬರನ್ನು. ಗಟ್ಟಿ ಮಾಡಿಕೊಳ್ಳಬೇಕಾದರೆ ಬೋಲ್ಟಿನ ತುದಿಗೂ ಕೊಳವೆಯ ಅಂಚಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ತಿರುಗಿಸುವಾಗ ಗೆರೆ ಮುರಿಯದೆ ಒಟ್ಟಿಗೇ ಹೋದರೆ ಎರಡೂ ಅಂಟಿಕೊಂಡಿವೆ.

ಇಲ್ಲಿ ಎಣ್ಣೆ ಕೆಲಸ ಮಾಡುವುದಿಲ್ಲ. ಐದಾರು ಸೆಂ.ಮೀ. ಉದ್ದದ ಸಂದಿನಲ್ಲಿ ತುಕ್ಕು ಬಿಗಿಯಾಗಿ ತುಂಬಿರುವಾಗ ಎಣ್ಣೆ ಎಲ್ಲಿಂದ ಇಳಿಯಬೇಕು? ಇಳಿಯುವುದು ರಬ್ಬರಿಗೆ ಮಾತ್ರ. ಸುತ್ತಿಗೆಯೂ ನಾಟುವುದಿಲ್ಲ, ಪೆಟ್ಟನ್ನೆಲ್ಲ ರಬ್ಬರ್ ನುಂಗಿಬಿಡುತ್ತದೆ. ಬೋಲ್ಟಿನ ತುದಿ ಅಣಬೆಯ ಹಾಗೆ ಹರಡಿಕೊಳ್ಳುತ್ತದೆ, ಬಾಡಿಯ ಕಿವಿ ಬಗ್ಗುತ್ತದೆ. ಜೋರಾಗಿ ತಿರುಗಿಸಿ ರಬ್ಬರನ್ನೇ ಹರಿದರೂ ಪ್ರಯೋಜನ ಇಲ್ಲ. ಕೊಳವೆ ಎರಡು ಕಿವಿಗಳ ನಡುವೆ ಸಿಕ್ಕಿಕೊಂಡಿದೆ, ಅದಕ್ಕಂಟಿದ ಬೋಲ್ಟ್ ಹೊರಗೆ ಜಾರಲು ದಾರಿಯೇ ಇಲ್ಲ.

ಇದಕ್ಕೆ ಇರುವುದು ಒಂದೇ ಮದ್ದು, ಕತ್ತರಿಸುವುದು. ಕಿವಿಗೂ ಬುಷ್ಷಿಗೂ ನಡುವೆ ಎರಡೂ ಬದಿ ಒಂದೆರಡು ಮಿ.ಮೀ. ಜಾಗ ಇರುತ್ತದೆ. ಹ್ಯಾಕ್ಸಾ ಚೌಕಟ್ಟು ಅಲ್ಲಿಗೆ ಹೋಗುವುದಿಲ್ಲ. ಬರೀ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ಕೊಯ್ಯಬೇಕು. ಬೈಮೆಟಲ್ ಬ್ಲೇಡ್ ತೆಗೆದುಕೊಳ್ಳಿ, ಇಂಚಿಗೆ 24 ಹಲ್ಲಿನದು. ಬ್ಲೇಡನ್ನು ಬುಷ್ಷಿನ ಕಡೆಗೆ ವಾಲಿಸಿ ಕೊಯ್ಯಿರಿ. ಬುಷ್ ಹೇಗೂ ಎಸೆಯುವಂಥದ್ದು, ಕಿವಿಗೆ ಗೀರು ಬೀಳಬಾರದು. ನನಗೆ ಒಂದೊಂದು ಬದಿಗೆ ಮುಕ್ಕಾಲು ಗಂಟೆ, ಮೂರು ಬ್ಲೇಡ್ ಬೇಕಾಯಿತು. ಕೊಯ್ಯುವ ಮುಂಚೆ ಆಕ್ಸಲ್ಲಿಗೆ ಜಾಕ್ ಆಸರೆ ಕೊಟ್ಟಿರಿ. ಎರಡನೇ ಬದಿ ತುಂಡಾದ ಕ್ಷಣ ಪ್ಲೇಟ್ ಜಿಗಿದು ಕೆಳಗೆ ಬೀಳುತ್ತದೆ, ಮುಖ ಅದರ ಕೆಳಗೆ ಇರಬಾರದು.

ಕಣ್ಣಿನಲ್ಲಿ ಉಳಿದ ಬುಷ್ಷನ್ನು ಬೆಂಕಿ ಕೊಟ್ಟು ಸುಡುವವರನ್ನು ಬಹಳ ನೋಡಿದ್ದೇನೆ. ಮಾಡಬೇಡಿ. ಆ ಕಣ್ಣು ಮೇಲಿನ ದೊಡ್ಡ ಪ್ಲೇಟಿನದೇ ತುದಿ. ಸ್ಪ್ರಿಂಗ್ ಕಬ್ಬಿಣವನ್ನು ಕೆಂಪಗೆ ಕಾಯಿಸಿದರೆ ಅದರ ಹದ ಹೋಗುತ್ತದೆ, ಮುಂದೆ ಅಲ್ಲಿಯೇ ಮುರಿಯುತ್ತದೆ. ಸುಟ್ಟ ರಬ್ಬರಿನ ಹೊಗೆಯೂ ವಿಷ. ರಬ್ಬರನ್ನು ಡ್ರಿಲ್ ಹಾಕಿ ತೆಗೆದು, ಹೊರಗಿನ ಕೊಳವೆಯನ್ನು ಒಳಗಿನಿಂದ ಬ್ಲೇಡಿನಲ್ಲಿ ಕೊಯ್ದು, ಚಿಕ್ಕ ಉಳಿಯಿಂದ ಒಳಕ್ಕೆ ಮಡಿಸಿ ಹೊರತೆಗೆಯಿರಿ.

ಮೂರನೆಯದು, ಬಾಡಿಯ ಒಳಗೆ ವೆಲ್ಡ್ ಮಾಡಿರುವ ನಟ್ ಕಳಚಿಕೊಂಡು ಸುತ್ತುವುದು. ಬೋಲ್ಟ್ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ, ಹೊರಗೆ ಬರುವುದಿಲ್ಲ, ವಾಪಸ್ ಪುಟಿಯುವುದೂ ಇಲ್ಲ. ತಲೆಯನ್ನು ಗ್ರೈಂಡರಿನಲ್ಲಿ ಹಾರಿಸಿ ಭಾಗವನ್ನು ಬಿಡಿಸಿಕೊಳ್ಳಿ. ಆಮೇಲೆ ತೊಲೆಗೆ ಚಿಕ್ಕ ಕಿಟಕಿ ಕೊಯ್ದು ಹೊಸ ನಟ್ ಕೂರಿಸಿ ಮುಚ್ಚಿಸಿ.

ಪ್ಲೇಟ್ ಬಿಚ್ಚಿದ ಮೇಲೆ

ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಪ್ಲೇಟುಗಳ ಕಟ್ಟನ್ನು ವೈಸ್ ಅಥವಾ ದೊಡ್ಡ ಸಿ ಕ್ಲಾಂಪಿನಲ್ಲಿ ಬಿಗಿಹಿಡಿಯಿರಿ. ಒಂದೊಂದು ಪ್ಲೇಟಿಗೂ ಬೇರೆ ಬೇರೆ ಬಾಗು ಇರುತ್ತದೆ, ಬೋಲ್ಟ್ ಹೊರಟ ತಕ್ಷಣ ಚಿಮ್ಮುತ್ತವೆ. ಮಾರ್ಕರಿನಲ್ಲಿ ನಂಬರ್ ಬರೆದು, ಯಾವ ತುದಿ ಮುಂದಿನದು ಅಂತ ಗುರುತು ಮಾಡಿ.

ಬಿರುಕು ನೋಡಲು ಸೀಮೆಎಣ್ಣೆ ಮತ್ತು ಸೀಮೆಸುಣ್ಣ ಸಾಕು. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್. ಪ್ಲೇಟನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಬಳಿದು ಅರ್ಧ ಗಂಟೆ ಬಿಡಿ. ಬಟ್ಟೆಯಿಂದ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಕಾಯಿರಿ. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಸುಣ್ಣಕ್ಕೆ ಏರಿ ಕಪ್ಪು ಗೆರೆ ಮೂಡುತ್ತದೆ. ಸೆಂಟರ್ ಬೋಲ್ಟಿನ ತೂತಿನ ಸುತ್ತ, ಮತ್ತು ಚಿಕ್ಕ ಪ್ಲೇಟಿನ ತುದಿ ದೊಡ್ಡದರ ಮೇಲೆ ಒತ್ತುವ ಜಾಗದಲ್ಲಿ ಚೆನ್ನಾಗಿ ಹುಡುಕಿ. ನನ್ನ ಎಡಗಡೆಯ ಎರಡನೇ ಪ್ಲೇಟಿನಲ್ಲಿ ತೂತಿನಿಂದ ಅಂಚಿನವರೆಗೆ ಗೆರೆ ಬಂತು. ಬರಿಗಣ್ಣಿಗೆ ಅದು ಕಂಡೇ ಇರಲಿಲ್ಲ. ಬಿರುಕಿರುವ ಪ್ಲೇಟನ್ನು ವೆಲ್ಡ್ ಮಾಡಿಸಬೇಡಿ, ಬದಲಿಸಿ.

ನಮ್ಮ ಕಡೆ ತುಕ್ಕಿಗೆ ಬಿಂಬುಳಿ ಅನ್ನುವ ಹುಳಿಕಾಯಿ ಉಜ್ಜುವುದು ಹಳೇ ಕ್ರಮ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ನಿಜವಾಗಿಯೂ ಕರಗಿಸುತ್ತದೆ. ಶ್ಯಾಕಲ್ ಪಟ್ಟಿ, ವಾಷರ್, ಸಣ್ಣ ಬ್ರಾಕೆಟ್‌ಗಳನ್ನು ನಾನು ಬಿಂಬುಳಿ ರಸದಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಡಾ ಪುಡಿ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿದೆ. ಚೆನ್ನಾಗಿ ಬಂದವು. ಆದರೆ ಪ್ಲೇಟ್, ಕಾಯಿಲ್ ಸ್ಪ್ರಿಂಗ್, ಗಟ್ಟಿ ಬೋಲ್ಟುಗಳನ್ನು ಯಾವ ಹುಳಿಯಲ್ಲೂ ಅದ್ದಬಾರದು. ಬ್ಯಾಟರಿ ಚಾರ್ಜರ್ ಮತ್ತು ವಾಷಿಂಗ್ ಸೋಡಾ ಹಾಕಿ ತುಕ್ಕು ತೆಗೆಯುವ ವಿಧಾನವೂ ಇವುಗಳಿಗೆ ಬೇಡ. ಆ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಗಡಸು ಕಬ್ಬಿಣದೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ನೋಡಲು ಹೊಸದರಂತಿದ್ದು ಒಂದು ದಿನ ಪಟ್ ಅಂತ ಮುರಿಯುತ್ತದೆ. ವೈರ್ ಬ್ರಷ್, ಎಮೆರಿ ಕಾಗದ, ತಾಳ್ಮೆ, ಇಷ್ಟೇ. ಆಮೇಲೆ ಪ್ಲೇಟಿನ ಹೊರಮೈಗೆ ರೆಡ್ ಆಕ್ಸೈಡ್ ಮತ್ತು ಕಪ್ಪು ಬಣ್ಣ, ಒಳಮೈಗೆ ಗ್ರಾಫೈಟ್ ಗ್ರೀಸಿನ ತೆಳು ಲೇಪ.

ಮುಂದಿನ ಚಕ್ರಗಳ ಬಗ್ಗೆ ಸ್ವಲ್ಪ

ಮುಂದಿನ ಕಾಯಿಲ್ ಸ್ಪ್ರಿಂಗ್ ಭಾರೀ ಬಲವನ್ನು ಹಿಡಿದಿಟ್ಟುಕೊಂಡು ಕೂತಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಚಕ್ರವನ್ನು ಬಾಡಿಗೆ ಸೇರಿಸುವ ಆರ್ಮ್ ಬಿಚ್ಚಬೇಡಿ. ಹಗ್ಗ, ಸರಪಳಿ ಕಟ್ಟಿ ಮಾಡುವ ಸಾಹಸ ಬೇಡ. ಇದೊಂದು ಗ್ಯಾರೇಜಿಗೇ ಕೊಡುವ ಕೆಲಸ.

ಮನೆಯಲ್ಲಿ ಮಾಡಬಹುದಾದದ್ದು ಕಿಂಗ್‌ಪಿನ್ ಪರೀಕ್ಷೆ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಯಾವ ಗೂಟದ ಮೇಲೆ ತಿರುಗುತ್ತದೋ ಅದೇ ಕಿಂಗ್‌ಪಿನ್. ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತಿತು ಅಂದರೆ ಚಕ್ರದ ಬೇರಿಂಗ್. ಹಾಗೇ ಉಳಿಯಿತು ಅಂದರೆ ಕಿಂಗ್‌ಪಿನ್ ಅಥವಾ ಆರ್ಮಿನ ಬುಷ್. ಸ್ಟೀರಿಂಗ್ ಭಾರ ಇದ್ದು, ತಿರುವಿನ ನಂತರ ತಾನಾಗಿ ನೇರ ಆಗದಿದ್ದರೆ ಕಿಂಗ್‌ಪಿನ್ ಒಣಗಿ ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ. ಚಕ್ರ ಎತ್ತಿಟ್ಟೇ ಗ್ರೀಸ್ ಹೊಡೆಯಿರಿ. ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಡೆಯಬೇಕು. ಬರದಿದ್ದರೆ ಗ್ರೀಸ್ ಒಳಹೋಗುವ ನಿಪ್ಪಲ್ ಕಟ್ಟಿದೆ, ಹೊಸದು ಹಾಕಿ.

ಸಾಮಾನು ಮತ್ತು ಜೋಡಣೆ

ಬುಷ್, ಶ್ಯಾಕಲ್ ಕಿಟ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ. ಹಳೇ ಭಾಗಗಳಿಗೆ ಶಿವಾಜಿನಗರದ ಗುಜರಿ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಟ್ಯಾಕ್ಸಿಯಿಂದ ತೆಗೆದ ಪ್ಲೇಟ್ ಅಂತ ಯಾರಾದರೂ ಕೊಟ್ಟರೆ ಸುಣ್ಣದ ಪರೀಕ್ಷೆ ಮಾಡದೆ ಹಾಕಬೇಡಿ, ಅವು ಬಹಳ ದುಡಿದಿರುತ್ತವೆ.

ಬೋಲ್ಟ್ ಕೊಳ್ಳುವಾಗ ಒಂದು ಎಚ್ಚರ. ಊರಿನ ಹಾರ್ಡ್‌ವೇರ್ ಅಂಗಡಿಯ 10 ಮಿ.ಮೀ. ಬೋಲ್ಟಿನ ತ್ರೆಡ್ 1.5 ಮಿ.ಮೀ. ಅಂತರದ್ದು. ಫಿಯಟ್ಟಿನಲ್ಲಿ ಹೆಚ್ಚಾಗಿ 1.25ರ ಸಣ್ಣ ತ್ರೆಡ್. ಎರಡು ಸುತ್ತು ಕೈಯಲ್ಲಿ ಹೋಗಿ ನಿಂತರೆ ಬಲವಂತ ಮಾಡಬೇಡಿ. ಬೋಲ್ಟಿನ ತಲೆಯ ಮೇಲೆ ಅದರ ಬಲ ಹೇಳುವ ಅಂಕಿ 8.8 ಅಥವಾ ಅದಕ್ಕಿಂತ ಮೇಲೆ ಇರಲಿ. ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲ್ ಹಾಕಲು ಮನಸ್ಸಾಗುತ್ತದೆ, ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿಗೆ ಅಷ್ಟು ಬಲ ಇಲ್ಲ.

ಜೋಡಿಸುವಾಗ ಬೋಲ್ಟಿನ ಮೈಗೆ, ಕೊಳವೆಯ ಒಳಗೆ, ಕಾಪರ್ ಗ್ರೀಸ್ ಧಾರಾಳ ಹಚ್ಚಿ. ನಟ್ ಹಾಕಿ, ಆದರೆ ಬಿಗಿ ಮಾಡಬೇಡಿ. ಚಕ್ರ ಹಾಕಿ, ಕಾರು ಇಳಿಸಿ, ತನ್ನ ಭಾರದ ಮೇಲೆ ಕೂತ ನಂತರವೇ ಬುಷ್ ಬೋಲ್ಟುಗಳನ್ನು ಬಿಗಿಯಬೇಕು. ಪ್ಲೇಟ್ ನೇತಾಡುವಾಗ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ಇಳಿದಾಗ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯ್ತು ಅಂತ ಸಾಮಾನಿಗೆ ಬೈಯುವುದಕ್ಕಿಂತ ಮೊದಲು ಇದನ್ನು ನೆನಪಿಸಿಕೊಳ್ಳಿ. ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ನಟ್ಟಿಗೂ ಬೋಲ್ಟಿಗೂ ಸೇರಿಸಿ ಹಳದಿ ಬಣ್ಣದ ಗೆರೆ ಎಳೆಯಿರಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಿ.

ನನ್ನ ಕಾರಿನ ಹಿಂದಿನ ಎಡ ಬಲದ ವ್ಯತ್ಯಾಸ ಈಗ 4 ಮಿ.ಮೀ. ಮುಂದಿನ 11 ಮಿ.ಮೀ. ತಾನಾಗಿ 3ಕ್ಕೆ ಇಳಿಯಿತು, ಆ ಮೂಲೆಗೆ ಏನೂ ಮಾಡಬೇಕಾಗಲಿಲ್ಲ. ದಡ್ ಶಬ್ದ ಪೂರ್ತಿ ಹೋಯಿತು. ಬಲಗಡೆಯ ಶ್ಯಾಕಲ್ ಬಳಿ ಬೆಳಗಿನ ಹೊತ್ತು ಮಾತ್ರ ಸಣ್ಣಗೆ ಕಿರ್ ಅನ್ನುತ್ತದೆ, ನೀರು ಬಿಟ್ಟರೆ ನಿಲ್ಲುತ್ತದೆ. ಆ ಬೋಲ್ಟಿನ ನಟ್ ಬಿಚ್ಚಿ ತಲೆ ತಿರುಗಿಸಿ ನೋಡಿದೆ, ಪಾನ ವಾಪಸ್ ಬರಲಿಲ್ಲ. ಅಂದರೆ ಬೋಲ್ಟ್ ಅಂಟಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಬುಷ್ ಮಾತ್ರ ಬದಲಿಸುತ್ತೇನೆ.